ಜೊತೆಯಲ್ಲೇ ಬೆಳೆಯುವ ಬೆಟ್ಟ

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಮೊದಲು ಹೇಳಿದವರು ಯಾವುದೋ ಬೆಟ್ಟವನ್ನು ನಿಜವಾಗಿಯೂ ಹತ್ತಿ, ಮಂಡಿ ತರಚಿಕೊಂಡು ಇಳಿದು ಬಂದವರೇ ಇರಬೇಕು. ಕಂಪ್ಯೂಟರ್ ಆಟಗಳ ಲೋಕದಲ್ಲಿ ಮಾತ್ರ ಈ ಗಾದೆಗೆ ಬಹುಕಾಲ ಹೆಚ್ಚು ಕೆಲಸವಿರಲಿಲ್ಲ. ಎಷ್ಟೋ ಆಟಗಳಲ್ಲಿ ದೂರದ ಬೆಟ್ಟವೆಂದರೆ ನಾಟಕದ ಪರದೆಯ ಮೇಲೆ ಬರೆದ ಬೆಟ್ಟ. ನೋಡಬಹುದು, ಹತ್ತುವಂತಿಲ್ಲ. ಆಟ ತಯಾರಿಸಿದವರು ಹಾಕಿಕೊಟ್ಟ ಓಣಿಯಲ್ಲೇ ಆಟಗಾರ ನಡೆಯಬೇಕು. ಅತ್ತಿತ್ತ ತಿರುಗಿದರೆ ಕಣ್ಣಿಗೆ ಕಾಣದ ಗೋಡೆಯೊಂದು ಮೂಗಿಗೆ ತಾಗುತ್ತದೆ.

ಈ ಗೋಡೆಗಳನ್ನು ಕೆಡವಿ ಆಟಗಾರನನ್ನು ಬಯಲಿಗೆ ಬಿಟ್ಟ ಆಟಗಳ ಪೈಕಿ ‘ಎಲ್ಡರ್ ಸ್ಕ್ರೋಲ್ಸ್’ ಮಾಲೆಯದು ದೊಡ್ಡ ಹೆಸರು. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ರಾಕ್‌ವಿಲ್‌ನಲ್ಲಿರುವ ಬೆಥೆಸ್ಡಾ ಸಂಸ್ಥೆ ೧೯೯೪ರಲ್ಲಿ ಆರಂಭಿಸಿದ ಈ ಮಾಲೆಯ ನಾಲ್ಕನೆಯ ಆಟ ‘ಆಬ್ಲಿವಿಯನ್’ ೨೦೦೬ರ ಮಾರ್ಚ್‌ನಲ್ಲಿ ಬಿಡುಗಡೆಯಾಯಿತು. ಅಂದಿನಿಂದಲೂ ಅದಕ್ಕೆ ಹೊಗಳಿಕೆ ತಪ್ಪಿಲ್ಲ, ತೆಗಳಿಕೆಯೂ ತಪ್ಪಿಲ್ಲ. ವಿಚಿತ್ರವೆಂದರೆ ಹೊಗಳುವವರೂ ತೆಗಳುವವರೂ ಬಹುಮಟ್ಟಿಗೆ ಒಬ್ಬರೇ! ನೂರಾರು ಗಂಟೆ ಆಡಿದವರೇ ಅದರ ಹುಳುಕುಗಳ ಪಟ್ಟಿಯನ್ನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿರುತ್ತಾರೆ. ಒಂದು ವಸ್ತುವನ್ನು ಇಷ್ಟು ಪ್ರೀತಿಸುತ್ತಲೇ ಇಷ್ಟು ದೂರುವುದೇಕೆ? ಪ್ರೀತಿಗೂ ದೂರಿಗೂ ಕಾರಣ ಒಂದೇ ಇರಬಹುದೇ?

ಸೆರೆಮನೆಯಿಂದ ಬಯಲಿಗೆ

ಇದು ಪಾತ್ರ ವಹಿಸಿ ಆಡುವ ಆಟ. ಆಡುವವನು ತನಗೊಂದು ಹೆಸರು, ಒಂದು ಮುಖ, ಒಂದು ಕುಲವನ್ನು ಆರಿಸಿಕೊಂಡು ಆ ವೇಷದಲ್ಲಿ ಕಥೆಯೊಳಗೆ ಇಳಿಯುತ್ತಾನೆ. ಕಥೆ ಆರಂಭವಾಗುವುದು ಸೆರೆಮನೆಯ ಕತ್ತಲ ಕೋಣೆಯಲ್ಲಿ. ಮಾಡಿದ ಅಪರಾಧವೇನೆಂದು ಯಾರೂ ಹೇಳುವುದಿಲ್ಲ. ಕೊಲೆಗಡುಕರಿಂದ ತಪ್ಪಿಸಿಕೊಂಡು ಓಡುತ್ತಿರುವ ವೃದ್ಧ ಚಕ್ರವರ್ತಿ ಅದೇ ಕೋಣೆಯ ಗುಪ್ತದ್ವಾರದಿಂದ ಹಾದು ಹೋಗಬೇಕಾಗುತ್ತದೆ. ಈ ಚಕ್ರವರ್ತಿಗೆ ಧ್ವನಿ ಕೊಟ್ಟವರು ಹೆಸರಾಂತ ಇಂಗ್ಲಿಷ್ ನಟ ಪ್ಯಾಟ್ರಿಕ್ ಸ್ಟೂವರ್ಟ್. ಅಂಥ ನಟನ ಪಾತ್ರವನ್ನು ಆಟ ಆರಂಭದಲ್ಲೇ ಕೊಂದುಬಿಡುತ್ತದೆ. ಸಾಯುವ ಮುನ್ನ ಆತ ರಾಜಲಾಂಛನವಾದ ಪದಕವನ್ನು ಕೈದಿಯ ಕೈಗಿತ್ತು, ಉಳಿದಿರುವ ಒಬ್ಬನೇ ಮಗನನ್ನು ಪತ್ತೆ ಮಾಡುವ ಹೊಣೆ ಹೊರಿಸುತ್ತಾನೆ. ಸಿಂಹಾಸನ ಬರಿದಾದರೆ ಆಬ್ಲಿವಿಯನ್ ಎಂಬ ಬೆಂಕಿಯ ಪಾತಾಳದ ಬಾಗಿಲುಗಳು ನಾಡಿನ ತುಂಬ ತೆರೆದುಕೊಳ್ಳುತ್ತವೆ ಎಂಬುದು ಭಯ.

ಇಷ್ಟಾದ ಮೇಲೆ ಒಳಚರಂಡಿಯ ಕೊಳವೆಗಳಲ್ಲಿ ತೆವಳಿ, ಇಲಿಗಳೊಂದಿಗೆ ಹೋರಾಡಿ, ಕೊನೆಯ ಕಬ್ಬಿಣದ ಬಾಗಿಲನ್ನು ತಳ್ಳಿದರೆ ಕಣ್ಣು ಕುಕ್ಕುವ ಬೆಳಕು. ಮುಂದೆ ಸರೋವರ, ಆಚೆ ದಡದಲ್ಲಿ ಬಿಳಿಗಲ್ಲಿನ ಪಾಳು ಕಟ್ಟಡ, ಅದರ ಹಿಂದೆ ಕಾಡು, ಕಾಡಿನ ಹಿಂದೆ ಬೆಟ್ಟಸಾಲು. ಯಾವ ದಿಕ್ಕಿಗೆ ಹೋಗಬೇಕೆಂದು ಒತ್ತಾಯಿಸುವವರು ಯಾರೂ ಇಲ್ಲ. ಪದಕವನ್ನು ಚೀಲಕ್ಕೆ ಹಾಕಿಕೊಂಡು, ಚಕ್ರವರ್ತಿಯ ಕೊನೆಯ ಮಾತನ್ನು ಗಾಳಿಗೆ ಬಿಟ್ಟು, ಅಣಬೆ ಕಿತ್ತುಕೊಂಡು ಅಲೆಯುವವನನ್ನೂ ಆಟ ತಡೆಯುವುದಿಲ್ಲ. ಕಳ್ಳರ ಸಂಘಕ್ಕೆ ಸೇರಬಹುದು, ಮಾಂತ್ರಿಕರ ಸಂಘಕ್ಕೆ ಸೇರಬಹುದು, ಮನೆ ಕೊಂಡುಕೊಂಡು ಸುಮ್ಮನೆ ಪುಸ್ತಕ ಓದುತ್ತ ಕೂಡಬಹುದು. ಕಂಪ್ಯೂಟರಿನ ಮುಂದೆ ೪೮ ನಿಮಿಷ ಕಳೆದರೆ ಅಲ್ಲಿ ಒಂದು ಹಗಲು ಒಂದು ಇರುಳು ಮುಗಿದಿರುತ್ತದೆ. ಮೋಡ ಕವಿಯುತ್ತದೆ, ಮಳೆ ಬರುತ್ತದೆ, ನಕ್ಷತ್ರ ಮೂಡುತ್ತವೆ. ಕಚೇರಿ, ಶಾಲೆ, ಬಸ್ಸಿನ ವೇಳೆ ಎಂದು ದಿನವಿಡೀ ಇನ್ನೊಬ್ಬರ ಗಡಿಯಾರಕ್ಕೆ ನಡೆಯುವ ಮನುಷ್ಯನಿಗೆ ಈ ಬಾಗಿಲು ತೆರೆಯುವ ಕ್ಷಣ ಏಕೆ ಹಿಡಿಸುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಸವಕಳಿಯ ಲೆಕ್ಕ, ಬಾಣದ ಪಥ

ಇಂಥ ಲೋಕವನ್ನು ಕಟ್ಟುವುದು ಸುಲಭದ ಮಾತಲ್ಲ. ಇದೇ ಮಾಲೆಯ ೧೯೯೬ರ ‘ಡ್ಯಾಗರ್‌ಫಾಲ್’ ಎಂಬ ಆಟದ ಭೂಮಿ ಹೆಚ್ಚುಕಡಿಮೆ ಬ್ರಿಟನ್ ದ್ವೀಪದಷ್ಟು ವಿಸ್ತಾರವಾಗಿತ್ತು. ಅದರ ಬಹುಪಾಲನ್ನು ಕಂಪ್ಯೂಟರೇ ಸೂತ್ರಗಳ ಮೂಲಕ ಹುಟ್ಟಿಸಿದ್ದರಿಂದ ಒಂದು ಹಳ್ಳಿ ನೋಡಿದರೆ ನೂರು ಹಳ್ಳಿ ನೋಡಿದಂತೆ. ೨೦೦೨ರ ‘ಮಾರೋವಿಂಡ್’ ಇದಕ್ಕೆ ತದ್ವಿರುದ್ಧ. ಅದು ಚಿಕ್ಕ ದ್ವೀಪ, ಆದರೆ ಕಲ್ಲು ಕಲ್ಲನ್ನೂ ಮನುಷ್ಯರೇ ಜೋಡಿಸಿದ್ದು. ಆಬ್ಲಿವಿಯನ್ ನಡುದಾರಿ ಹಿಡಿಯಿತು. ಅದರ ‘ಸಿರೊಡಿಲ್’ ನಾಡಿನ ವಿಸ್ತೀರ್ಣ ಸುಮಾರು ೧೬ ಚದರ ಮೈಲಿ, ಅಂದರೆ ೪೧ ಚದರ ಕಿಲೋಮೀಟರು. ಬೆಟ್ಟಗಳ ರೂಪಕ್ಕೆ ಮಣ್ಣಿನ ಸವಕಳಿಯ ಲೆಕ್ಕವನ್ನು ಬಳಸಿದರು. ಕಾಡಿನ ಮರಗಳನ್ನು ಬೆಳೆಸಲು ‘ಸ್ಪೀಡ್‌ಟ್ರೀ’ ಎಂಬ ತಂತ್ರಾಂಶವನ್ನು ತಂದರು. ಊರು, ಕೋಟೆ, ಗುಡಿಗಳನ್ನು ಕೈಯಿಂದ ಕಟ್ಟಿದರು. ಉತ್ತರದ ಬ್ರೂಮಾದಲ್ಲಿ ಹಿಮ, ದಕ್ಷಿಣದ ಲೇಯಾವಿನ್‌ನಲ್ಲಿ ಜೌಗು, ಪಶ್ಚಿಮದ ಸ್ಕಿನ್‌ಗ್ರಾಡ್ ಸುತ್ತ ದ್ರಾಕ್ಷಿತೋಟ. ಒಂದೂರಿನಿಂದ ಇನ್ನೊಂದೂರಿಗೆ ನಡೆದು ಹೋದವನಿಗೆ ಹವೆ ಬದಲಾದದ್ದು ಗೊತ್ತಾಗುತ್ತದೆ.

ಭೌತಶಾಸ್ತ್ರದ ನಿಯಮಗಳಿಗೂ ಇಲ್ಲಿ ಮರ್ಯಾದೆ ಉಂಟು. ‘ಹ್ಯಾವಕ್’ ಎಂಬ ತಂತ್ರಾಂಶ ಆ ಕೆಲಸವನ್ನು ನೋಡಿಕೊಳ್ಳುತ್ತದೆ. ಬಿಟ್ಟ ಬಾಣ ನೇರ ಗೆರೆಯಲ್ಲಿ ಹೋಗದೆ, ಪಾಠದ ಪುಸ್ತಕದಲ್ಲಿರುವಂತೆ ಬಾಗಿ ಕೆಳಗಿಳಿಯುತ್ತದೆ. ದೂರದ ಗುರಿಗೆ ತುಸು ಮೇಲಕ್ಕೆ ಹಿಡಿಯಬೇಕೆಂದು ಆಡುವ ಹುಡುಗ ಯಾರೂ ಹೇಳಿಕೊಡದೆ ಕಲಿಯುತ್ತಾನೆ. ಮೇಜಿಗೆ ಡಿಕ್ಕಿ ಹೊಡೆದರೆ ತಟ್ಟೆ ಲೋಟಗಳು ಚೆಲ್ಲಾಪಿಲ್ಲಿಯಾಗುತ್ತವೆ. ಆದರೆ ಚಿತ್ರ ಬರೆಯುವ ಕುಂಚಕ್ಕೆ ಮಾತ್ರ ಗುರುತ್ವಾಕರ್ಷಣೆಯ ಹಂಗಿಲ್ಲ! ಎಲ್ಲಿ ಬಿಟ್ಟರೆ ಅಲ್ಲೇ ಗಾಳಿಯಲ್ಲಿ ನಿಲ್ಲುತ್ತದೆ. ತಯಾರಕರ ಕಣ್ಣು ತಪ್ಪಿದ ಈ ದೋಷವನ್ನು ಪತ್ತೆ ಮಾಡಿದ ಆಟಗಾರರು ಕುಂಚಗಳನ್ನು ಒಂದರ ಮೇಲೊಂದು ಮೆಟ್ಟಿಲಂತೆ ನಿಲ್ಲಿಸಿ ಊರಿನ ಕೋಟೆಗೋಡೆಯನ್ನೇ ಹತ್ತಿ ದಾಟಿದರು. ನ್ಯೂಟನ್ ಮಹಾಶಯನಿಗೆ ತಿಳಿದಿದ್ದರೆ ಆತ ಸೇಬನ್ನು ಬಿಟ್ಟು ಕುಂಚವನ್ನು ಹಿಡಿಯುತ್ತಿದ್ದನೋ ಏನೋ.

ಗೋರೆ, ಪೊರಕೆ ಮತ್ತು ಒಂದು ಕೊಲೆ

ನಾಡು ಕಟ್ಟಿದರೆ ಸಾಲದು, ಜನರೂ ಬೇಕಲ್ಲ? ಆಬ್ಲಿವಿಯನ್‌ನಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಇದ್ದಾರೆ. ಅವರಿಗೆ ದಿನಚರಿ ಇದೆ. ಬೆಳಿಗ್ಗೆ ಅಂಗಡಿ ತೆರೆಯುತ್ತಾರೆ, ಹೊತ್ತಿಗೆ ಉಣ್ಣುತ್ತಾರೆ, ಗುಡಿಗೆ ಹೋಗುತ್ತಾರೆ, ರಾತ್ರಿ ಬೀಗ ಹಾಕಿಕೊಂಡು ಮಲಗುತ್ತಾರೆ. ಆರಂಭದಲ್ಲಿ ಈ ಪಾತ್ರಗಳಿಗೆ ಇನ್ನೂ ಹೆಚ್ಚಿನ ಸ್ವಾತಂತ್ರ್ಯ ಕೊಡುವ ಯೋಚನೆ ಇತ್ತಂತೆ. ತಯಾರಕರೇ ಹೇಳಿಕೊಂಡ ಪ್ರಸಂಗವೊಂದು ಬಹಳ ಪ್ರಸಿದ್ಧ. ಒಬ್ಬನಿಗೆ ತರಗೆಲೆ ಗೋರುವ ಕೆಲಸ, ಇನ್ನೊಬ್ಬನಿಗೆ ದಾರಿ ಗುಡಿಸುವ ಕೆಲಸ. ಪರೀಕ್ಷೆಗೆಂದು ಗೋರೆಯನ್ನೂ ಪೊರಕೆಯನ್ನೂ ಅದಲುಬದಲು ಮಾಡಿ ಕೊಟ್ಟರು. ಪರಸ್ಪರ ಕೇಳಿ ಬದಲಾಯಿಸಿಕೊಳ್ಳುವ ವ್ಯವಹಾರಜ್ಞಾನ ಅವರಿಗೆ ಇರಲಿಲ್ಲ. ಕೊನೆಗೆ ಒಬ್ಬ ಇನ್ನೊಬ್ಬನನ್ನು ಕೊಂದು ತನ್ನ ಸಾಮಾನನ್ನು ವಶಪಡಿಸಿಕೊಂಡ! ಗುರಿಯನ್ನು ಕೊಟ್ಟು ವಿವೇಕವನ್ನು ಕೊಡದಿದ್ದರೆ ಯಂತ್ರ ಏನು ಮಾಡೀತೆಂಬುದಕ್ಕೆ ಇದಕ್ಕಿಂತ ಸರಳವಾದ ಪಾಠ ಬೇಕಿಲ್ಲ. ಆಟ ಮಾರುಕಟ್ಟೆಗೆ ಬರುವ ಹೊತ್ತಿಗೆ ಪಾತ್ರಗಳ ಲಗಾಮನ್ನು ಸಾಕಷ್ಟು ಬಿಗಿಮಾಡಲಾಗಿತ್ತು.

ಲಗಾಮು ಬಿಗಿದರೂ ನಗು ಉಳಿಯಿತು. ಸಾವಿರ ಮಂದಿಗೆ ಧ್ವನಿ ಕೊಟ್ಟ ನಟರು ಕೆಲವರೇ ಆದ್ದರಿಂದ ಬೀದಿಯಲ್ಲಿ ಇಬ್ಬರು ಭೇಟಿಯಾದರೆ ಒಬ್ಬನೇ ತನ್ನೊಡನೆ ಮಾತಾಡಿಕೊಂಡಂತೆ ಕೇಳುತ್ತದೆ. ನಡುಗುವ ದನಿಯಲ್ಲಿ ಕಾಸು ಬೇಡುವ ಭಿಕ್ಷುಕನನ್ನು ಊರ ಸುದ್ದಿ ಕೇಳಿದರೆ ಸಾಹುಕಾರನ ದನಿಯಲ್ಲಿ ಉತ್ತರ ಕೊಟ್ಟು, ಮರುಕ್ಷಣ ಮತ್ತೆ ನಡುಗುತ್ತಾನೆ. ಒಬ್ಬರ ಸ್ನೇಹ ಸಂಪಾದಿಸಬೇಕಾದರೆ ಹೊಗಳಿಕೆ, ತಮಾಷೆ, ಜಂಬ, ಬೆದರಿಕೆ ಈ ನಾಲ್ಕನ್ನೂ ಸರದಿಯಂತೆ ಬಳಸಲೇಬೇಕು. ಎದುರಿನವರ ಮುಖ ಅರೆಕ್ಷಣಕ್ಕೊಮ್ಮೆ ಅರಳಿ ಬಾಡುತ್ತಿರುತ್ತದೆ. ಇವೆಲ್ಲ ಆಟಗಾರರು ಪ್ರೀತಿಯಿಂದ ಹೇಳಿಕೊಂಡು ನಗುವ ದೋಷಗಳು. ಅವರು ಅಷ್ಟಾಗಿ ನಗದಿದ್ದದ್ದು ೨೦೦೬ರ ಏಪ್ರಿಲ್‌ನಲ್ಲಿ, ಕುದುರೆಗೆ ತೊಡಿಸುವ ಕವಚವೊಂದನ್ನು ಸಂಸ್ಥೆ ಎರಡೂವರೆ ಡಾಲರಿಗೆ ಬೇರೆಯಾಗಿ ಮಾರಾಟಕ್ಕಿಟ್ಟಾಗ. ಅಂದು ಗೇಲಿಗೆ ಗುರಿಯಾದ ಆ ವ್ಯಾಪಾರ ಮುಂದೆ ಇಡೀ ಉದ್ಯಮದ ಪದ್ಧತಿಯಾಯಿತು.

ಗಾಜಿನ ಕವಚದ ದರೋಡೆಕೋರ

ಆದರೆ ನಗೆಗೆ ನಿಲುಕದ ದೋಷವೊಂದು ಆಟದ ಅಡಿಪಾಯದಲ್ಲೇ ಇದೆ. ಅದರ ಕಥೆ ಸ್ವಾರಸ್ಯವಾದದ್ದು, ಏಕೆಂದರೆ ಅದು ಅಜಾಗರೂಕತೆಯಿಂದ ನುಸುಳಿದ್ದಲ್ಲ. ಒಳ್ಳೆಯ ಉದ್ದೇಶದಿಂದಲೇ ಹುಟ್ಟಿದ್ದು.

ಓಣಿಯಂಥ ಆಟದಲ್ಲಿ ಮೊದಲು ಇಲಿ, ಆಮೇಲೆ ತೋಳ, ಕೊನೆಗೆ ದೈತ್ಯ ಎಂದು ಕಷ್ಟವನ್ನು ಸಾಲಾಗಿ ಜೋಡಿಸಿಡಬಹುದು. ಬಯಲಿನಂಥ ಆಟದಲ್ಲಿ ಅದು ಸಾಧ್ಯವಿಲ್ಲ. ಮೊದಲ ದಿನವೇ ಆಟಗಾರ ದೈತ್ಯನ ಗುಹೆಗೆ ನುಗ್ಗಿದರೆ ಗತಿಯೇನು? ಪಳಗಿದ ಮೇಲೆ ಇಲಿಯ ಗುಹೆಗೆ ಬಂದರೆ ಅವನಿಗೆ ಬೇಸರವಾಗುವುದಿಲ್ಲವೇ? ಎಲ್ಲಿಗೆ ಬೇಕಾದರೂ ಹೋಗು ಎಂದು ಮಾತು ಕೊಟ್ಟ ಮೇಲೆ ಎಲ್ಲಿಗೆ ಹೋದರೂ ಹದವಾದ ಎದುರಾಳಿ ಸಿಗಬೇಕು. ಇದಕ್ಕೆ ತಯಾರಕರು ಕಂಡುಕೊಂಡ ಉಪಾಯವೆಂದರೆ ಲೋಕವನ್ನು ಆಟಗಾರನ ಜೊತೆಯಲ್ಲೇ ಬೆಳೆಸುವುದು. ಅವನು ಒಂದನೆಯ ಹಂತದಲ್ಲಿದ್ದಾಗ ಕಾಡಿನಲ್ಲಿ ಬಡಕಲು ತೋಳ. ಅವನು ಇಪ್ಪತ್ತನೆಯ ಹಂತ ತಲಪಿದಾಗ ಅದೇ ಕಾಡಿನಲ್ಲಿ ಮಹಾಭಯಂಕರ ಮೃಗ. ಪೆಟ್ಟಿಗೆಗಳೊಳಗಿನ ನಿಧಿಯೂ ಅದೇ ಅಳತೆಯಲ್ಲಿ ಏರುತ್ತದೆ.

ಕಾಗದದ ಮೇಲೆ ಅಚ್ಚುಕಟ್ಟಾದ ಲೆಕ್ಕ. ಆಡಲು ಕುಳಿತರೆ ಏನಾಯಿತು ನೋಡಿ. ಆರಂಭದ ದಿನಗಳಲ್ಲಿ ದಾರಿಯ ಬದಿಯ ದರೋಡೆಕೋರ ಹರಕು ಚರ್ಮದ ಅಂಗಿ ತೊಟ್ಟು ಬಂದು ನೂರು ನಾಣ್ಯ ಕೇಳುತ್ತಾನೆ. ಅದು ಸರಿ. ಆಟಗಾರ ಬೆಳೆದಂತೆ ದರೋಡೆಕೋರನೂ ಬೆಳೆದು, ಆ ನಾಡಿನಲ್ಲಿ ಅತಿ ದುಬಾರಿಯಾದ ಹಸಿರು ಗಾಜಿನ ಕವಚ ತೊಟ್ಟು ಎದುರಾಗುತ್ತಾನೆ. ಮೈಮೇಲೆ ಸಾವಿರಾರು ನಾಣ್ಯದ ಆಸ್ತಿ. ಕೇಳುವುದು ಅದೇ ನೂರು ನಾಣ್ಯ! ಆ ಕವಚವನ್ನೇ ಮಾರಿ ಮನೆ ಕಟ್ಟಿಕೊಂಡಿರಬಾರದೇ ಎಂದು ಆಟಗಾರ ಕೇಳುವಂತಿಲ್ಲ. ಗಾಬ್ಲಿನ್ ಎಂಬ ಕುಳ್ಳ ರಕ್ಕಸರಂತೂ ಮೇಲಿನ ಹಂತಗಳಲ್ಲಿ ಎಷ್ಟು ಗಟ್ಟಿಯಾಗುತ್ತಾರೆಂದರೆ ಬಟ್ಟೆ ಒಗೆದ ಹಾಗೆ ಬಡಿಯುತ್ತಲೇ ಇರಬೇಕು.

ಇಲ್ಲಿ ಪಾದರಸದ ಉಷ್ಣತಾಮಾಪಕವನ್ನು ನೆನೆಯಬಹುದು. ಬಿಸಿ ತಾಗಿದಾಗ ಒಳಗಿನ ಪಾದರಸವೂ ಹಿಗ್ಗುತ್ತದೆ, ಹೊರಗಿನ ಗಾಜೂ ಹಿಗ್ಗುತ್ತದೆ. ಪಾದರಸ ಗಾಜಿಗಿಂತ ಸುಮಾರು ಏಳು ಪಟ್ಟು ಹೆಚ್ಚು ಹಿಗ್ಗುವುದರಿಂದಲೇ ನಳಿಗೆಯಲ್ಲಿ ಅದು ಏರುವುದು ಕಾಣುತ್ತದೆ. ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗಿದರೆ? ಜ್ವರ ನೂರನಾಲ್ಕಕ್ಕೆ ಏರಿದರೂ ಪಾದರಸ ಇದ್ದಲ್ಲೇ ಇರುತ್ತದೆ. ಆಬ್ಲಿವಿಯನ್‌ನ ಆಟಗಾರನ ಸ್ಥಿತಿ ಇದೇ. ಐವತ್ತು ಗಂಟೆ ಶ್ರಮಪಟ್ಟು ಕತ್ತಿವರಸೆ ಕಲಿತವನಿಗೆ ತಾನು ಕಲಿತದ್ದು ಗೊತ್ತಾಗುವುದೇ ಇಲ್ಲ. ಮಗುವಿನ ಎತ್ತರವನ್ನು ಗೋಡೆಯ ಮೇಲೆ ಗೀಟು ಹಾಕಿ ನೋಡುವುದು ಗೋಡೆ ಬೆಳೆಯುವುದಿಲ್ಲ ಎಂಬ ಭರವಸೆಯಿಂದ. ಬೆಳೆಯುವ ಗೋಡೆಯ ಮನೆಯಲ್ಲಿ ಮಗು ಎಂದೂ ಗಿಡ್ಡವೇ.

ಇನ್ನು ಈ ಹಂತ ಏರುವ ಲೆಕ್ಕವೋ, ಅದು ಬೇರೆಯೇ ತಲೆನೋವು. ಒಟ್ಟು ೨೧ ವಿದ್ಯೆಗಳಲ್ಲಿ ೭ನ್ನು ಪ್ರಧಾನವೆಂದು ಆರಿಸಿಕೊಳ್ಳಬೇಕು. ಆ ಏಳರಲ್ಲಿ ಒಟ್ಟು ಹತ್ತು ಅಂಕ ಏರಿ, ಆಟಗಾರ ಒಂದು ನಿದ್ದೆ ಮಾಡಿ ಎದ್ದರೆ ಮುಂದಿನ ಹಂತ. ಪ್ರತಿ ಹಂತದಲ್ಲಿ ಮೈಗೆ ಎಷ್ಟು ಬಲ ಕೂಡುತ್ತದೆಂಬುದು ಆ ಅವಧಿಯಲ್ಲಿ ಯಾವ ವಿದ್ಯೆಯನ್ನು ಎಷ್ಟು ಬಳಸಿದ ಎಂಬುದರ ಮೇಲೆ ನಿಂತಿದೆ. ಔಷಧಿ ಅರೆಯುವುದು, ಚೌಕಾಸಿ ಮಾಡುವುದು, ಸವಿಮಾತಾಡುವುದು ಇವನ್ನು ಪ್ರಧಾನ ವಿದ್ಯೆಯಾಗಿ ಇಟ್ಟುಕೊಂಡ ಶಾಂತಸ್ವಭಾವದ ಆಟಗಾರ ಊರೊಳಗೆ ವ್ಯಾಪಾರ ಮಾಡುತ್ತಲೇ ಹತ್ತು ಹಂತ ಏರಿಬಿಡುತ್ತಾನೆ. ಆಮೇಲೆ ಊರ ಬಾಗಿಲು ದಾಟಿದರೆ ಹತ್ತನೆಯ ಹಂತದ ಮೃಗಗಳು ಕಾದು ನಿಂತಿರುತ್ತವೆ. ಇವನ ಕೈಯಲ್ಲಿ ಇರುವುದೋ ಔಷಧಿ ಅರೆಯುವ ಕುಟ್ಟಾಣಿ! ಹೀಗಾಗಿ ಜಾಣರು ಪಕ್ಕದಲ್ಲಿ ಕಾಗದ ಪೆನ್ನು ಇಟ್ಟುಕೊಂಡು, ಯಾವ ವಿದ್ಯೆ ಎಷ್ಟು ಏರಿತೆಂದು ಗೀಟು ಹಾಕುತ್ತ ಆಡಿದರು. ಇನ್ನೂ ಜಾಣರು ನಿದ್ದೆಯನ್ನೇ ಬಿಟ್ಟರು. ಹಂತ ಏರದಿದ್ದರೆ ಲೋಕವೂ ಏರುವುದಿಲ್ಲವಲ್ಲ! ಕಲಿಯದಿರುವುದೇ ಗೆಲುವಿನ ಗುಟ್ಟಾದ ಪಾಠಶಾಲೆ ಇದು.

ದೋಷದ ಕಹಿ ಹೆಚ್ಚಾಗಿ ತಿಳಿಯುವುದು ಕ್ವಾಚ್ ಎಂಬ ಊರಿನಲ್ಲಿ. ಪಾತಾಳದ ಬಾಗಿಲು ಆ ಊರಿನ ಮುಂದೆ ತೆರೆದು ಊರಿಗೆ ಊರೇ ಉರಿಯುತ್ತಿದೆ. ಬದುಕುಳಿದವರು ಗುಡಿಯಲ್ಲಿ ಸಿಕ್ಕಿಬಿದ್ದಿದ್ದಾರೆ. ಚಕ್ರವರ್ತಿಯ ಮಗನೂ ಅವರ ನಡುವೆ ಇದ್ದಾನೆ. ಒಂದು ಗಳಿಗೆಯೂ ತಡಮಾಡುವಂತಿಲ್ಲ ಎನ್ನುತ್ತಾರೆ. ಆದರೆ ಆಟಗಾರ ವರ್ಷಗಟ್ಟಲೆ ಅಣಬೆ ಕಿತ್ತುಕೊಂಡಿದ್ದು ಬಂದರೂ ಊರು ಉರಿಯುತ್ತಲೇ ಇರುತ್ತದೆ, ಗುಡಿಯಲ್ಲಿದ್ದವರು ಅಲ್ಲೇ ಇರುತ್ತಾರೆ. ಬದಲಾಗುವುದು ಒಂದೇ: ಮೊದಲೇ ಬಂದಿದ್ದರೆ ಚಿಳ್ಳೆಪಿಳ್ಳೆ ಪಿಶಾಚಿಗಳು ಎದುರಾಗುತ್ತಿದ್ದವು, ಈಗ ಅವುಗಳ ಹಿರಿಯರು ಎದುರಾಗುತ್ತಾರೆ. ಅನುಭವ ಗಳಿಸಿ ಸಿದ್ಧನಾಗಿ ಬಂದವನಿಗೆ ದಂಡ, ಏನೂ ತಿಳಿಯದೆ ಓಡಿ ಬಂದವನಿಗೆ ವಿನಾಯಿತಿ. ಬಹುಮಾನದ ವಿಷಯದಲ್ಲಿ ಲೆಕ್ಕ ತಿರುಗುಮುರುಗು. ಎಷ್ಟೋ ಕಡೆ ಕಷ್ಟದಲ್ಲಿದ್ದವರಿಗೆ ಬೇಗ ನೆರವಾದವನಿಗೆ ಸಿಗುವುದು ಅಂದಿನ ಹಂತಕ್ಕೆ ತಕ್ಕ ಸಣ್ಣ ಕತ್ತಿ. ನಾಳೆ ನೋಡೋಣ ಎಂದು ಮುಂದೂಡಿ ಬಂದವನಿಗೆ ದೊಡ್ಡ ಕತ್ತಿ. ಸಕಾಲದ ನೆರವಿಗೆ ಬೆಲೆ ಕಡಿಮೆ ಎಂದು ಕಲಿಸುವ ಇರಾದೆ ಯಾರಿಗೂ ಇರಲಿಲ್ಲ. ಸೂತ್ರ ಹಾಗೆ ಕಲಿಸಿತು.

ಸೋಲುವ ಸ್ವಾತಂತ್ರ್ಯ

ಇಷ್ಟಾದರೂ ಜನ ಆಟವನ್ನು ಬಿಡಲಿಲ್ಲ. ಸೂತ್ರಕ್ಕೆ ಸಿಕ್ಕದ ಸಂಗತಿಗಳು ಅದರಲ್ಲಿ ಬೇಕಾದಷ್ಟಿವೆ. ಚೈಡಿನ್‌ಹಾಲ್ ಎಂಬ ಊರಿನಲ್ಲಿ ಚಿತ್ರಕಾರನೊಬ್ಬ ಬಾಗಿಲು ಹಾಕಿದ ಕೋಣೆಯಿಂದ ಮಾಯವಾಗಿರುತ್ತಾನೆ. ಹುಡುಕುತ್ತ ಹೋದರೆ ಅವನು ತಾನು ಬರೆದ ಚಿತ್ರದೊಳಗೇ ಸಿಕ್ಕಿಬಿದ್ದಿದ್ದಾನೆಂದು ತಿಳಿಯುತ್ತದೆ. ಚಿತ್ರದೊಳಕ್ಕೆ ಕಾಲಿಟ್ಟರೆ ಮರ, ಆಕಾಶ, ನೆಲ ಎಲ್ಲವೂ ತೈಲವರ್ಣದ ಬಳಿತ. ಅಲ್ಲಿ ಕಾವಲಿರುವ ಬಣ್ಣದ ರಾಕ್ಷಸರನ್ನು ಗೆಲ್ಲಲು ಕತ್ತಿಗೆ ಹಚ್ಚಬೇಕಾದದ್ದು ಯಾವ ವಿಷವೂ ಅಲ್ಲ, ಟರ್ಪೆಂಟೈನ್ ಎಣ್ಣೆ! ಬಣ್ಣವನ್ನು ಕರಗಿಸುವುದು ಅದೇ ತಾನೇ? ಇಂಥ ಕಲ್ಪನೆಯನ್ನು ಒಮ್ಮೆ ಸವಿದವನು ಹತ್ತು ಗಾಬ್ಲಿನ್‌ಗಳ ಬೇಸರವನ್ನು ಸಹಿಸಿಕೊಳ್ಳುತ್ತಾನೆ. ಸಂಜೆಯ ಬೆಳಕಿನಲ್ಲಿ ಸ್ಕಿನ್‌ಗ್ರಾಡ್‌ನ ದಾರಿ, ಜೆರೆಮಿ ಸೋಲ್ ಸಂಯೋಜಿಸಿದ ಮೆಲುವಾದ ಸಂಗೀತ, ಇವುಗಳಿಗೂ ಯಾವ ಹಂತದ ಹಂಗೂ ಇಲ್ಲ.

ದೋಷವನ್ನು ತಿದ್ದಲು ಮೊದಲು ಮುಂದಾದವರೂ ಆಟಗಾರರೇ. ಆಟದೊಡನೆ ಲೋಕವನ್ನು ತಿದ್ದುವ ಉಪಕರಣವನ್ನೂ ಸಂಸ್ಥೆ ಉಚಿತವಾಗಿ ಕೊಟ್ಟಿದ್ದು ಅದರ ದೊಡ್ಡತನ. ಅದನ್ನು ಬಳಸಿ ಹವ್ಯಾಸಿಗಳು ತಯಾರಿಸಿದ ತಿದ್ದುಪಡಿಗಳಲ್ಲಿ ‘ಆಸ್ಕ್ಯುರೋಸ್ ಆಬ್ಲಿವಿಯನ್ ಓವರ್‌ಹಾಲ್’ ಬಹಳ ಹೆಸರುವಾಸಿ. ಅದು ಮಾಡಿದ ಮುಖ್ಯ ಕೆಲಸವೆಂದರೆ ಲೋಕವನ್ನು ಅದರ ಜಾಗದಲ್ಲಿ ನಿಲ್ಲಿಸಿದ್ದು. ಕೆಲವು ಗುಹೆಗಳು ಸುಲಭ, ಕೆಲವು ಕಠಿಣ; ಆಟಗಾರ ಯಾರೇ ಆಗಿರಲಿ. ಬೆಥೆಸ್ಡಾ ಕೂಡ ಪಾಠ ಕಲಿಯಿತು. ೨೦೦೮ರ ‘ಫಾಲ್‌ಔಟ್ ೩’ರಲ್ಲೂ ೨೦೧೧ರ ‘ಸ್ಕೈರಿಮ್’ನಲ್ಲೂ ಲೋಕ ಬೆಳೆಯುವುದಕ್ಕೆ ಮಿತಿ ಹಾಕಿತು. ಸ್ಕೈರಿಮ್‌ನ ಬಯಲಿನಲ್ಲಿ ದೈತ್ಯನೊಬ್ಬ ತನ್ನ ಮ್ಯಾಮತ್‌ಗಳನ್ನು ಮೇಯಿಸಿಕೊಂಡಿರುತ್ತಾನೆ. ಮೊದಲ ದಿನ ಕೆಣಕಿದವನನ್ನು ಗದೆಯ ಒಂದೇ ಏಟಿಗೆ ಆಕಾಶಕ್ಕೆ ಹಾರಿಸುತ್ತಾನೆ. ತಿಂಗಳುಗಟ್ಟಲೆ ಆಡಿ ಪಳಗಿ ಹಿಂದಿರುಗಿದವನು ಅದೇ ದೈತ್ಯನನ್ನು ಗೆಲ್ಲುತ್ತಾನೆ. ದೈತ್ಯ ಇದ್ದ ಹಾಗೇ ಇದ್ದಾನೆ. ಬೆಳೆದದ್ದು ಯಾರೆಂದು ಕೇಳಬೇಕಾಗಿಲ್ಲ.

೨೦೨೫ರ ಏಪ್ರಿಲ್‌ನಲ್ಲಿ ಆಬ್ಲಿವಿಯನ್ ಹೊಸ ಉಡುಪು ತೊಟ್ಟು ಮತ್ತೆ ಬಂತು. ಬೆಳಕು, ನೀರು, ಮುಖಗಳು ಎಲ್ಲ ಹೊಸತು. ಹಂತ ಏರುವ ಲೆಕ್ಕವನ್ನು ಸರಳಗೊಳಿಸಿದ್ದರಿಂದ ಕಾಗದ ಪೆನ್ನಿನ ಕಾಟ ತಪ್ಪಿತು. ಆದರೆ ಲೋಕ ಆಟಗಾರನ ಜೊತೆಯಲ್ಲೇ ಬೆಳೆಯುವ ಹಳೆಯ ಪದ್ಧತಿಯನ್ನು ಹಾಗೇ ಉಳಿಸಿಕೊಳ್ಳಲಾಯಿತು. ಗಾಜಿನ ಕವಚದ ದರೋಡೆಕೋರ ಇನ್ನಷ್ಟು ಹೊಳೆಯುತ್ತ ದಾರಿಗೆ ಬಂದ.

ಸ್ವಾತಂತ್ರ್ಯವೆಂದರೆ ಎಲ್ಲಿಗೆ ಬೇಕಾದರೂ ಹೋಗಬಹುದಾದದ್ದು ಎಂದು ಈ ಆಟ ಕಟ್ಟಿದವರು ತಿಳಿದರು. ಅದು ಅರ್ಧ ನಿಜ. ಹೋದ ಕಡೆ ಏಟು ತಿಂದು ಹಿಂದಿರುಗುವ ಅವಕಾಶವೂ ಇದ್ದರೆ ಮಾತ್ರ ಅದು ಪೂರ್ತಿಯಾಗುತ್ತದೆ. ಮಕ್ಕಳಿಗೆ ತಾಗದಿರಲೆಂದು ಕಲ್ಲನ್ನೆಲ್ಲ ಹತ್ತಿಯಿಂದ ಸುತ್ತುವ ತಾಯಿಯಂತೆ ಆಟವು ತನ್ನ ಬೆಟ್ಟಗಳನ್ನು ಆಟಗಾರನ ಕಾಲಿನ ಅಳತೆಗೆ ಹೊಲಿಸಿಕೊಟ್ಟಿತು. ಆದರೆ ಆಟಗಾರರು ತಾವಾಗಿಯೇ ಹುಡುಕಿ ತಂದು ಹಾಕಿಕೊಂಡ ತಿದ್ದುಪಡಿ ಎಂಥದು? ಆಟವನ್ನು ಸುಲಭ ಮಾಡಿದ್ದಲ್ಲ. ದಾರಿ ತಪ್ಪಿ ಹೋದವನನ್ನು ಗುಹೆಯ ಬಾಗಿಲಲ್ಲೇ ಕೊಂದು ಹಾಕುವಂಥದು. ಸತ್ತರು, ಮತ್ತೆ ಹೋದರು, ಮತ್ತೆ ಸತ್ತರು. ಹದಿನೈದನೆಯ ಸಲ ಗುಹೆಯ ಆಚೆ ತುದಿಯಿಂದ ಹೊರಬಂದಾಗ ಅವರಿಗೆ ಸಿಕ್ಕ ಸಂತೋಷವನ್ನು ಹಸಿರು ಗಾಜಿನ ಯಾವ ಕವಚವೂ ಕೊಟ್ಟಿರಲಿಲ್ಲ.